ಜೂನ್ 5ರ ಗಿಡಗಳ ಪಟ್ಟಿ ಬರೆಯುವ ಮೊದಲು

ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳ ಗ್ರಾಮ ಪಂಚಾಯತು ಅಧ್ಯಕ್ಷರಿಗೆ, ವಾರ್ಡು ಸದಸ್ಯರಿಗೆ, ಕೃಷಿ ಭವನಗಳ ಅಧಿಕಾರಿಗಳಿಗೆ, ಶಾಲೆಗಳ ಮುಖ್ಯೋಪಾಧ್ಯಾಯರಿಗೆ,

ಮಾನ್ಯರೇ,

ಪರಿಸರ ದಿನಕ್ಕೆ ಯಾವ ಗಿಡ ತರಿಸುವುದು, ಪಂಚಾಯತು ಕಚೇರಿಯ ಮುಂದೆ ಏನು ನೆಡುವುದು, ಶಾಲೆಯ ಅಂಗಳದ ‘ಜೇನು ತೋಟ’ಕ್ಕೋ ‘ಚಿಟ್ಟೆ ತೋಟ’ಕ್ಕೋ ಏನು ಬೇಕು ಎಂಬ ಪಟ್ಟಿಗಳು ಬೇಸಿಗೆಯಲ್ಲೇ ತಯಾರಾಗುತ್ತವೆ. ಅದಕ್ಕೆ ಈ ಪತ್ರವನ್ನು ಈಗಲೇ ಬರೆಯುತ್ತಿದ್ದೇವೆ. ಮಳೆಗಾಲದಲ್ಲಿ ಆಹಾರವಿಲ್ಲದೆ ಸೊರಗುವ ಜೇನುನೊಣಗಳ ಪರವಾಗಿ ಕೇಳಿಕೊಳ್ಳುವುದು ಒಂದೇ. ಗಿಡವನ್ನು ಹೂವಿನ ಬಣ್ಣ ನೋಡಿ ಆರಿಸಬೇಡಿ, ಅದು ಅರಳುವ ತಿಂಗಳು ನೋಡಿ ಆರಿಸಿ. ಅದರಲ್ಲೂ ಜೂನ್‌ನಿಂದ ಅಕ್ಟೋಬರಿನವರೆಗೆ ಅರಳುವ ಗಿಡಗಳಿಗೆ ಮೊದಲ ಸ್ಥಾನ ಕೊಡಿ.

ಕಾರಣ ಇಲ್ಲಿನ ಹವೆಯಲ್ಲೇ ಇದೆ. ಜನವರಿಯಿಂದ ಎಪ್ರಿಲ್‌ವರೆಗೆ ನಮ್ಮ ಊರುಗಳಲ್ಲಿ ಹೂವಿಗೆ ಬರ ಇಲ್ಲ. ಗೇರು, ಮಾವು, ನೇರಳೆ, ಕುಂಟಾಲ, ಹೊಂಗೆ ಒಂದರ ಹಿಂದೆ ಒಂದು ಬರುತ್ತವೆ. ಎಲೆ ಉದುರಿಸಿದ ರಬ್ಬರ್ ಹೊಸ ಚಿಗುರು ಬಿಡುವಾಗ ಎಲೆಗಳು ತೊಟ್ಟಿಗೆ ಸೇರುವಲ್ಲಿರುವ ಗ್ರಂಥಿಗಳಿಂದ ಮಕರಂದ ಒಸರುತ್ತದೆ. ಜೇನು ತೆಗೆಯುವುದೂ ಆಗಲೇ. ಜೂನ್ ಬಂತೆಂದರೆ ಚಿತ್ರ ಪೂರ್ತಿ ಬದಲಾಗುತ್ತದೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು. ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮಳೆ ಜೂನ್‌ನಿಂದ ಸೆಪ್ಟೆಂಬರಿನೊಳಗೇ ಸುರಿಯುತ್ತದೆ. ಅರಳಿದ ಹೂವಿನ ಮಕರಂದ ತೊಳೆದು ಹೋಗುತ್ತದೆ, ಪರಾಗ ಒದ್ದೆಯಾಗಿ ಮುದ್ದೆಯಾಗುತ್ತದೆ, ನೊಣಗಳು ಹೊರಡಲಾರದೆ ಗೂಡಿನೊಳಗೇ ಉಳಿಯುತ್ತವೆ. ಆಟಿ ತಿಂಗಳು (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಮನುಷ್ಯರಿಗೆ ಮಾತ್ರ ಕಷ್ಟದ ತಿಂಗಳಾಗಿರಲಿಲ್ಲ.

ಜೇನು ಪೆಟ್ಟಿಗೆ ಇಟ್ಟವರು ಈ ದಿನಗಳಲ್ಲಿ ಸಕ್ಕರೆ ಪಾಕ ಕೊಡುತ್ತಾರೆ. ಒಂದು ಪಾಲು ಸಕ್ಕರೆಗೆ ಒಂದು ಪಾಲು ನೀರು, ವಾರಕ್ಕೊಮ್ಮೆ. ಪಾಕದಿಂದ ದೊಡ್ಡ ನೊಣ ಬದುಕೀತು, ಮರಿ ಬೆಳೆಯದು. ಮರಿಗೆ ಬೇಕಾದ ಪ್ರೋಟೀನು ಪರಾಗದಲ್ಲಿದೆ. ಪರಾಗ ನಿಂತಾಗ ರಾಣಿ ಮೊಟ್ಟೆ ಇಡುವುದನ್ನು ಕಡಿಮೆ ಮಾಡುತ್ತದೆ. ಕುಟುಂಬ ಸೊರಗುತ್ತದೆ, ಕಾವಲಿಲ್ಲದ ಎರಿಗೆ ಮೇಣದ ಹುಳ ಬೀಳುತ್ತದೆ, ಕೊನೆಗೆ ಉಳಿದಷ್ಟು ನೊಣಗಳು ಗೂಡು ಬಿಟ್ಟು ಹೋಗುತ್ತವೆ. ಸೊರಗಿದ ಕುಟುಂಬಕ್ಕೆ ರೋಗ ತಡೆದುಕೊಳ್ಳುವ ಬಲವೂ ಕಡಿಮೆ. 1991-92ರಲ್ಲಿ ಜೇನಿನ ಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದು ಕೇರಳ, ಕರ್ನಾಟಕದ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಾಡ ಜೇನು) ಕುಟುಂಬಗಳನ್ನು ಹೇಗೆ ಗುಡಿಸಿ ಹಾಕಿತೆಂಬುದು ಹಳೆಯ ಸಾಕಣೆಗಾರರಿಗೆ ಮರೆತಿಲ್ಲ. ಇನ್ನು ಕಾಡಿನ ನೊಣಕ್ಕೆ, ಗೋಡೆಯ ಸಂದಿನ ಮುಜಂಟಿ ಎಂಬ ಚುಚ್ಚದ ಕಿರುಜೇನಿಗೆ ಪಾಕ ಕೊಡುವವರು ಯಾರೂ ಇಲ್ಲ.

ಅಂತರದ ಮಾತೂ ಇದೆ. ತುಡುವೆ ಒಂದು, ಒಂದೂವರೆ ಕಿಲೋಮೀಟರ್ ದೂರದವರೆಗೆ ಹಾರಿ ಆಹಾರ ತರಬಲ್ಲದು. ಮುಜಂಟಿಯದ್ದು ಕೆಲವು ನೂರು ಮೀಟರಿನ ವ್ಯವಹಾರ. ಮಳೆ ಹೊಳವಾಗಿ ಅರ್ಧ ಗಂಟೆ ಬಿಸಿಲು ಬಂದಾಗ ತುಡುವೆಗೂ ಅಷ್ಟು ದೂರ ಹೋಗಿ ಬರುವಷ್ಟು ಹೊತ್ತಿಲ್ಲ. ಆ ಹೊತ್ತಿನಲ್ಲಿ ಕೈಗೆಟಕುವುದು ಮನೆಯ ಅಂಗಳ, ಶಾಲೆಯ ಬದಿ, ರಸ್ತೆಯ ಅಂಚು ಮಾತ್ರ. ನಿಮ್ಮ ಪಟ್ಟಿಗೆ ಇಷ್ಟು ಬೆಲೆ ಇರುವುದು ಈ ಕಾರಣಕ್ಕೆ.

ಮಳೆಗಾಲದಲ್ಲಿ ಏನೂ ಅರಳುವುದಿಲ್ಲ ಎಂದು ಹೇಳುವವರಿದ್ದಾರೆ. ಅದು ನಿಜವಲ್ಲ. ತೆಂಗಿನ ಮರ ತಿಂಗಳಿಗೊಂದರಂತೆ ವರ್ಷವಿಡೀ ಹಿಂಗಾರ ಬಿಡುತ್ತದೆ. ಒಂದು ಹಿಂಗಾರದಲ್ಲಿ ಗಂಡು ಹೂಗಳೇ ಮೂರು ವಾರದ ಹತ್ತಿರ ದಿನಾ ಅರಳುತ್ತವೆ. ಮಳೆಗಾಲದಲ್ಲಿ ನಮ್ಮ ನೊಣಗಳು ಬದುಕಿ ಉಳಿಯುವುದರಲ್ಲಿ ತೆಂಗಿನ ಪಾಲು ದೊಡ್ಡದು. ನಾಚಿಕೆ ಮುಳ್ಳಿನ ಗುಲಾಬಿ ಉಂಡೆಗಳಲ್ಲಿ ಬೆಳಗ್ಗೆ ತುಡುವೆಯೂ ಮುಜಂಟಿಯೂ ಪರಾಗ ತುಂಬಿಕೊಳ್ಳುತ್ತವೆ. ತೋಡಿನ ಬದಿಯ ನೆಕ್ಕರಿಕ, ತರಕಾರಿ ಚಪ್ಪರದ ಸೌತೆ, ಹಾಗಲ, ಚೀನಿಕಾಯಿ (ಸಿಹಿಗುಂಬಳ) ಕೂಡ ಈ ಕಾಲದವೇ. ಇದರ ಮೇಲೆ ನಾವು ಸೇರಿಸಬಹುದಾದದ್ದು ಬಹಳ ಇದೆ.

ಮೊದಲು ಟರ್ನೇರಾ. ನರ್ಸರಿಗಳಲ್ಲಿ ಹಳದಿ ಹೂವಿನದ್ದೂ, ನಡುವೆ ಕಪ್ಪು ಕಣ್ಣಿರುವ ಬಿಳಿ ಹೂವಿನದ್ದೂ ಸಿಗುತ್ತದೆ. ಬೆಳಗ್ಗೆ ಅರಳಿ ಮಧ್ಯಾಹ್ನಕ್ಕೆ ಮುಚ್ಚುವ ಹೂವು, ಮಳೆಯಲ್ಲೂ ದಿನ ತಪ್ಪಿಸುವುದಿಲ್ಲ. ಎಲೆಯ ಬುಡದಲ್ಲಿರುವ ಎರಡು ಗ್ರಂಥಿಗಳಿಂದಲೂ ಸಿಹಿ ಒಸರುವುದರಿಂದ ಹೂವು ಮುಚ್ಚಿದ ಮೇಲೂ ಇರುವೆ, ಕಣಜಗಳಿಗೆ ಅಲ್ಲಿ ಕೆಲಸ ಇರುತ್ತದೆ. ಕಡ್ಡಿ ನೆಟ್ಟರೆ ಸಾಕು, ಬೇರು ಬರುತ್ತದೆ. ಇದರ ಜೊತೆಗೆ ಕೂಫಿಯಾ. ಮೊಣಕಾಲಿನ ಎತ್ತರಕ್ಕೆ ನಿಲ್ಲುವ, ಸಣ್ಣ ನೇರಳೆ ಹೂವಿನ ಗಿಡ. ಹೂವು ಎಷ್ಟು ಚಿಕ್ಕದೆಂದರೆ ದಾರಿಹೋಕರ ಕಣ್ಣಿಗೆ ಬೀಳದು, ಆದರೆ ಮುಜಂಟಿ ಅದನ್ನು ಬಿಟ್ಟು ಏಳುವುದಿಲ್ಲ.

ತುಳಸಿ ಎಲ್ಲರ ಮನೆಯಲ್ಲಿದೆ. ಗಿಡ ಸೊಂಪಾಗಿರಲಿ ಎಂದು ಕದಿರು ಚಿವುಟುವ ಅಭ್ಯಾಸವೂ ಎಲ್ಲರಿಗಿದೆ. ಕಟ್ಟೆಯ ತುಳಸಿಯ ಕದಿರು ಚಿವುಟಿಕೊಳ್ಳಿ, ತೊಂದರೆ ಇಲ್ಲ. ತೋಟದ ಬದಿಗೆ ಬೇರೆಯೇ ಒಂದು ಸಾಲು ನೆಟ್ಟು ಅದರ ಕದಿರು ಒಣಗುವವರೆಗೆ ಬಿಡಿ. ಕಾಮಕಸ್ತೂರಿ ತುಳಸಿಗಿಂತ ಬೇಗ ಹೂ ಬಿಡುತ್ತದೆ. ಅದರ ಬೀಜವನ್ನು ಎಪ್ರಿಲ್ ಕೊನೆಗೆ ಸಸಿಮಡಿಯಲ್ಲಿ ಹಾಕಿದರೆ ಜೂನಿಗೆ ನೆಡಲು ಸಸಿ ಸಿದ್ಧ.

ಬೇಲಿಗೆ ಲಕ್ಕಿ. ನೆಕ್ಕಿ ಎಂದು ಕರೆಯುವವರೂ ಇದ್ದಾರೆ. ಹೆಬ್ಬೆರಳು ದಪ್ಪದ, ಒಂದು ಗೇಣಿಗಿಂತ ಸ್ವಲ್ಪ ಉದ್ದದ ಕಡ್ಡಿಯನ್ನು ಎರಡು ಗಣ್ಣು ಮಣ್ಣಿನೊಳಗೆ ಹೋಗುವಂತೆ, ಮುಂಗಾರು ಹಿಡಿದ ಮೇಲೆ ಎರಡು ಅಡಿಗೊಂದರಂತೆ ನೆಡಬೇಕು. ದನ ಮುಟ್ಟುವುದಿಲ್ಲ. ಗೊಂಚಲು ನೀಲಿ ಹೂವಿಗೆ ತುಡುವೆ, ಬಡಗಿ ದುಂಬಿ, ಚಿಟ್ಟೆ ಎಲ್ಲವೂ ಬರುತ್ತವೆ. ಸೊಪ್ಪು ನೆಗಡಿಯ ಆವಿಗೆ, ಅಕ್ಕಿಯ ಡಬ್ಬಕ್ಕೆ. ಈಗ ಕಚೇರಿಗಳ ಮುಂದೆ ಚೌಕಾಕಾರಕ್ಕೆ ಕತ್ತರಿಸಿ ನಿಲ್ಲಿಸಿರುವ ಡುರಾಂಟಾ ಬೇಲಿಯನ್ನು ನೋಡಿ. ಅದೇ ಡುರಾಂಟಾವನ್ನು ಕತ್ತರಿಸದೆ ಬಿಟ್ಟರೆ ನೀಲಿ ಹೂವಿನ ಜಡೆ ಇಳಿಬಿಟ್ಟು ಜೇನನ್ನು ಕರೆಯುತ್ತದೆ. ತಿಂಗಳಿಗೊಮ್ಮೆ ಕತ್ತರಿ ಹಾಕಿದರೆ ಮೊಗ್ಗು ಕಟ್ಟುವ ತುದಿಯೇ ಉಳಿಯುವುದಿಲ್ಲ. ಜೇನಿನ ಮಟ್ಟಿಗೆ ಅದು ಹಸಿರು ಬಣ್ಣ ಬಳಿದ ಗೋಡೆ, ಅಷ್ಟೆ.

ಬೀಜ ಹಾಕಿ ಬೆಳೆಸುವವುಗಳಿಗೆ ದಿನ ಲೆಕ್ಕ ಹಾಕಿಕೊಳ್ಳಬೇಕು. ಮೆಕ್ಕೆಜೋಳ ಬಿತ್ತಿದ ಐವತ್ತರಿಂದ ಐವತ್ತೈದು ದಿನಕ್ಕೆ ಗಂಡು ತೆನೆ ಬಿಡುತ್ತದೆ. ಗಾಳಿಯಿಂದ ಪರಾಗಸ್ಪರ್ಶವಾಗುವ ಬೆಳೆ ಇದು, ಅದಕ್ಕೆ ಜೇನು ಬೇಕಿಲ್ಲ. ಜೇನಿಗೆ ಮಾತ್ರ ಅದು ಬೇಕು. ಬೆಳಗ್ಗೆ ಹೊತ್ತು ತೆನೆಯ ತುಂಬ ನೊಣಗಳು ಪರಾಗ ಕೀಳುವುದನ್ನು ಯಾರೂ ನೋಡಬಹುದು. ಪತ್ತನಾಜೆಯ ಆಸುಪಾಸಿನಲ್ಲಿ, ಅಂದರೆ ಮೇ 24ರ ಹೊತ್ತಿಗೆ ಬಿತ್ತಿದರೆ ಸರಿಯಾಗಿ ಆಟಿ ಕಾಲಿಡುವಾಗ ತೆನೆ ಬರುತ್ತದೆ. ಒಮ್ಮೆಗೇ ಎಲ್ಲವನ್ನೂ ಬಿತ್ತಬೇಡಿ. ಹದಿನೈದು ದಿನಕ್ಕೊಮ್ಮೆ ಹತ್ತಿಪ್ಪತ್ತು ಬೀಜದಂತೆ ಮೂರು ಸಲ ಹಾಕಿದರೆ ಆಗಸ್ಟ್‌ವರೆಗೆ ಪರಾಗ ಸಿಗುತ್ತದೆ. ನೀರು ನಿಲ್ಲದಂತೆ ಏರಿ ಮಾಡಿ, ಗಿಡ ಮೊಣಕಾಲೆತ್ತರ ಬಂದಾಗ ಬುಡಕ್ಕೆ ಮಣ್ಣು ಏರಿಸಿ. ಇಲ್ಲದಿದ್ದರೆ ಜುಲೈ ಗಾಳಿಗೆ ಎಲ್ಲವೂ ಮಲಗುತ್ತದೆ.

ಸೌತೆ ಬಿತ್ತಿ ಒಂದು ತಿಂಗಳು ದಾಟುವಾಗ ಹೂ ಬಿಡುತ್ತದೆ. ಮೊದಲು ಬರುವುದು ಗಂಡು ಹೂ. ‘ಹೂ ಬರುತ್ತದೆ, ಕಾಯಿ ಇಲ್ಲ’ ಎಂದು ಮೊದಲ ವಾರದಲ್ಲೇ ಮದ್ದು ಹುಡುಕುವವರಿಗೆ ಇದನ್ನು ಕೃಷಿ ಭವನದಲ್ಲಿ ಹೇಳಿದರೆ ಉಪಕಾರ. ಗೌರಿಹೂ, ಕರ್ಣಕುಂಡಲ ಎಂದು ಕರೆಯುವ ಗಿಡದ ಒಂಟಿ ಎಸಳಿನ ನಾಡತಳಿಯನ್ನು ಮಳೆ ಹಿಡಿಯುತ್ತಿದ್ದಂತೆ ಬಿತ್ತಿದರೆ ಆಟಿಯ ನಂತರದ ಸೋಣ ತಿಂಗಳ ಹೊಸ್ತಿಲು ಪೂಜೆಗೂ ಆಯಿತು, ಜೇನಿಗೂ ಆಯಿತು.

ಒಂಟಿ ಎಸಳು ಎಂದದ್ದು ಸುಮ್ಮನೆ ಅಲ್ಲ. ನರ್ಸರಿಯಲ್ಲಿ ಹೆಚ್ಚು ಬೆಲೆಗೆ ಸಿಗುವ ಮುದ್ದೆ ಹೂಗಳಲ್ಲಿ ಪರಾಗ ಕೊಡಬೇಕಾದ ಕೇಸರಗಳೇ ಎಸಳಾಗಿ ಬದಲಾಗಿರುತ್ತವೆ. ಮುದ್ದೆ ದಾಸವಾಳ, ಮುದ್ದೆ ಗೌರಿಹೂ ಹೀಗೆ. ಗೊಂಡೆ (ಚೆಂಡು) ಹೂವಿನ ರಚನೆ ಬೇರೆ. ಅಲ್ಲಿ ನಡುವಿನ ಕಿರುಹೂಗಳೇ ಎಸಳಿನಂತೆ ಹರಡಿಕೊಂಡಿರುತ್ತವೆ. ಫಲ ಒಂದೇ, ಜೇನಿಗೆ ದಾರಿಯೂ ಇಲ್ಲ, ಒಳಗೆ ಹೆಚ್ಚೇನೂ ಇಲ್ಲ. ಓಣಂಗೆಂದು ಕುಟುಂಬಶ್ರೀ ಮಹಿಳಾ ಗುಂಪುಗಳು ಗೊಂಡೆ ಬೆಳೆಯುವುದು ಒಳ್ಳೆಯದೇ. ಹೂ ಮಾರುವವರಿಗೆ ಮುದ್ದೆ ಜಾತಿಯೇ ಬೇಕು, ಅದೂ ಸರಿ. ಗದ್ದೆಯ ಸುತ್ತ ಒಂದು ಸಾಲು ಒಂಟಿ ಎಸಳಿನ ಗೊಂಡೆ ಅಥವಾ ಕಾಸ್ಮೊಸ್ ಹಾಕಿದರೆ ಆದಾಯಕ್ಕೆ ಕುಂದಿಲ್ಲ.

ಬೋಗನ್‌ವಿಲ್ಲಾ ಬಗ್ಗೆ ಒಂದು ಮಾತು. ಅದರಲ್ಲಿ ಬಣ್ಣ ಇರುವುದು ಎಲೆಯ ರೂಪಾಂತರಕ್ಕೆ. ನಿಜವಾದ ಹೂವು ನಡುವಿನ ಬಿಳಿ ಕೊಳವೆ, ಅದರ ತಳಕ್ಕೆ ತುಡುವೆಯ ನಾಲಗೆ ತಲುಪುವುದಿಲ್ಲ. ಕೇಪುಳದ್ದೂ ಉದ್ದ ಕೊಳವೆಯೇ. ಆದರೆ ಅದು ನಮ್ಮ ಗುಡ್ಡೆಯ ಗಿಡ, ದೊಡ್ಡ ಚಿಟ್ಟೆಗಳಿಗೂ ಸೂರಕ್ಕಿಗೂ ಬೇಕಾದದ್ದು. ಜೇನು ಬರುವುದಿಲ್ಲವೆಂದು ಅದನ್ನು ಕಿತ್ತು ಹಾಕುವುದು ಬೇಡ. ನೀರುಕಾಯಿ ಮರವನ್ನು ಮಾತ್ರ ಪಟ್ಟಿಯಿಂದ ತೆಗೆದು ಹಾಕಿ. ಕೆಂಪು ಬಟ್ಟಲಿನಂಥ ಹೂವಿನ ಈ ಆಫ್ರಿಕದ ಮರ ನೆರಳಿಗೆಂದು ಅಲ್ಲಲ್ಲಿ ನೆಟ್ಟದ್ದಿದೆ. ಅದರ ಹೂವಿನೊಳಗೆ ಮುಜಂಟಿ ಜಾತಿಯ ನೊಣಗಳು ಸತ್ತು ಬಿದ್ದಿರುವುದನ್ನು ಬೇರೆ ಬೇರೆ ದೇಶಗಳಲ್ಲಿ ದಾಖಲಿಸಿದ್ದಾರೆ. ನೆಲಕ್ಕೆ ಹೊದಿಕೆಯಾಗಿ ಹಬ್ಬುವ ಹಳದಿ ಹೂವಿನ ಸಿಂಗಾಪುರ ಡೈಸಿಗೆ ಜೇನು ಬರುತ್ತದೆ, ನಿಜ. ಆದರೆ ತೋಡಿನ ಬದಿಗೆ ದಾಟಿತೆಂದರೆ ಅಲ್ಲಿದ್ದ ಹತ್ತು ಜಾತಿಯನ್ನು ನುಂಗಿ ತಾನೊಂದೇ ಉಳಿಯುತ್ತದೆ. ಜೇನು ಬರುತ್ತದೆ ಎಂಬ ಒಂದೇ ಕಾರಣಕ್ಕೆ ಗಿಡ ಒಳ್ಳೆಯದಾಗುವುದಿಲ್ಲ. ಲಾಂಟಾನಾಕ್ಕೂ ಇದೇ ಮಾತು. ಆಂಟಿಗೋನಾನ್ ಬಳ್ಳಿ ಜೇನಿಗೆ ಬಲು ಪ್ರಿಯ, ಆದರೆ ಗಡ್ಡೆಯಿಂದ ಮತ್ತೆ ಮತ್ತೆ ಚಿಗುರುವ ಜಾತಿ. ಗೇಟಿನ ಕಮಾನಿಗೆ, ಚಪ್ಪರಕ್ಕೆ ಹಬ್ಬಿಸಿ. ಕಾಡಿನ ಅಂಚಿಗೆ, ಬನದ ಹತ್ತಿರಕ್ಕೆ ಒಯ್ಯಬೇಡಿ.

ಇನ್ನು ನೆಡುವ ಕ್ರಮ. ನಾವು ನೋಡಿದ ತೋಟಗಳಲ್ಲಿ ಬಹುತೇಕ ಸೋತಿರುವುದು ಒಂದೇ ತಪ್ಪಿನಿಂದ: ಇಪ್ಪತ್ತು ಜಾತಿ, ಜಾತಿಗೆ ಒಂದೊಂದು ಗಿಡ, ಪ್ರತಿಯೊಂದಕ್ಕೂ ಹೆಸರಿನ ಫಲಕ. ಜೇನು ಒಂದು ಸುತ್ತಿನಲ್ಲಿ ಒಂದೇ ಜಾತಿಯ ಹೂವಿಗೆ ಹೋಗುವ ಪ್ರಾಣಿ. ಒಂದೇ ಗಿಡದ ನಾಲ್ಕು ಹೂವಿಗಾಗಿ ಅದು ಇಳಿಯುವುದಿಲ್ಲ. ಒಂದು ಜಾತಿಗೆ ಕಡಿಮೆಯೆಂದರೆ ಒಂದು ಚದರ ಮೀಟರ್ ಜಾಗ ಕೊಡಿ. ಜಾತಿ ನಾಲ್ಕೇ ಇದ್ದರೂ ಸಾಕು.

ಶಾಲೆಗೆ ಆಗುವಂಥ ಒಂದು ಅಳತೆ ಕೊಡುತ್ತೇವೆ. ಹತ್ತು ಮೀಟರ್ ಉದ್ದ, ಒಂದು ಮೀಟರ್ ಅಗಲ, ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಜಾಗ. ಅಡಿಕೆ ತೋಟದ ಅಂಚು, ರಬ್ಬರಿನ ನೆರಳು ಆಗುವುದಿಲ್ಲ. ಅಲ್ಲಿ ಗಿಡ ಬದುಕುತ್ತದೆ, ಹೂ ಬಿಡುವುದಿಲ್ಲ. ಮೇ ಮೊದಲ ವಾರ ಮಣ್ಣು ಅಗೆದು ಸುಮಾರು ಅರ್ಧ ಕಿಲೋ ಕುಮ್ಮಾಯ (ಸುಣ್ಣ) ಬೆರೆಸಿ. ನಮ್ಮ ಮುರಕಲ್ಲು (ಜಂಬಿಟ್ಟಿಗೆ) ಮಣ್ಣು ಹುಳಿ, ಅದಿಲ್ಲದೆ ಗೊಬ್ಬರ ಹಿಡಿಯುವುದಿಲ್ಲ. ಹತ್ತು ಹದಿನೈದು ದಿನ ಬಿಟ್ಟು ಮೂರು ಪಾಲು ಮಣ್ಣಿಗೆ ಒಂದು ಪಾಲು ಹಳೆಯ ಹಟ್ಟಿಗೊಬ್ಬರ ಸೇರಿಸಿ, ಮಡಿಯನ್ನು ನೆಲದಿಂದ ಒಂದು ಗೇಣು ಎತ್ತರಿಸಿ. ನೆಲಮಟ್ಟದಲ್ಲಿ ಮಾಡಿದ ಮಡಿಯಲ್ಲಿ ಜುಲೈ ಹೊತ್ತಿಗೆ ಬೇರು ಕೊಳೆಯುತ್ತದೆ. ನಾಲ್ಕು ಮೀಟರ್ ಟರ್ನೇರಾ, ಸುಮಾರು ಒಂದು ಮೊಳ ಅಂತರದಲ್ಲಿ, 45 ಸೆಂಟಿಮೀಟರಿಗೊಂದರಂತೆ ಎರಡು ಸಾಲು: 18 ಗಿಡ. ಮೂರು ಮೀಟರ್ ಕೂಫಿಯಾ, 30 ಸೆಂಟಿಮೀಟರ್ ಅಂತರದಲ್ಲಿ ಮೂರು ಸಾಲು: 30 ಗಿಡ. ಉಳಿದ ಮೂರು ಮೀಟರ್ ಕಾಮಕಸ್ತೂರಿ, 40 ಸೆಂಟಿಮೀಟರಿಗೆ ಎರಡು ಸಾಲು: 16 ಗಿಡ. ಒಟ್ಟು 64. ಯೂರಿಯಾ ಹಾಕುವುದು ಬೇಡ. ಎಲೆ ಕಡುಹಸಿರಾಗುತ್ತದೆ, ಹೂ ಹಿಂದೆ ಬೀಳುತ್ತದೆ. ಕಾಮಕಸ್ತೂರಿ ಮೂರು ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ. ಸೆಪ್ಟೆಂಬರಿನಲ್ಲಿ ಅದೇ ಜಾಗಕ್ಕೆ ತುಂಬೆ, ಕಾಸ್ಮೊಸ್ ಬೀಜ ಚೆಲ್ಲಿ. ಇವುಗಳನ್ನು ಜೂನಿನಲ್ಲೇ ಚೆಲ್ಲಿದರೆ ಮೊದಲ ಜಡಿಮಳೆ ಬೀಜವನ್ನೆಲ್ಲ ಚರಂಡಿಗೆ ಒಯ್ಯುತ್ತದೆ.

ಗಿಡವನ್ನು ನರ್ಸರಿಯಿಂದ ತರುವುದಾದರೆ ಬೆಳಗ್ಗೆ ಒಂಬತ್ತು, ಹತ್ತು ಗಂಟೆಗೆ ಹೋಗಿ ಸುಮ್ಮನೆ ಐದು ನಿಮಿಷ ನಿಲ್ಲಿ. ಯಾವ ಗಿಡಕ್ಕೆ ನೊಣ ಬರುತ್ತಿದೆ ಎಂಬುದೇ ಪರೀಕ್ಷೆ. ಬುಡಕ್ಕೆ ಹರಳು ಮದ್ದು ಹಾಕಿದ್ದಾರೆಯೇ, ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕವನ್ನು ಸಿಂಪಡಿಸಿದ್ದಾರೆಯೇ ಎಂದು ಕೇಳಿ. ಗಿಡದ ಒಳಗೆ ಸೇರುವ ಈ ಮದ್ದು ಮಕರಂದಕ್ಕೂ ಪರಾಗಕ್ಕೂ ಇಳಿಯುತ್ತದೆ. ಅಂಥ ಗಿಡ ತಂದು ಜೇನು ತೋಟ ಮಾಡಿದರೆ ವಿಷದ ಊಟಕ್ಕೆ ಕರೆದಂತೆ. ಆದಷ್ಟು ಮಟ್ಟಿಗೆ ಊರಿನ ಕಡ್ಡಿ, ಊರಿನ ಬೀಜವೇ ಇರಲಿ.

ಮರಗಳ ಪಟ್ಟಿಯಲ್ಲಿ ನೇರಳೆ, ಹೊಂಗೆ, ರೆಂಜೆ, ಕುಂಟಾಲ ಇರಲಿ. ಪುನರ್ಪುಳಿ ಬರೆಯುವಾಗ ಒಂದು ಎಚ್ಚರ. ಅದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಕಸಿ ಗಿಡ ಎಂದರೆ ಸಾಮಾನ್ಯವಾಗಿ ಬರುವುದೆಲ್ಲ ಹೆಣ್ಣು. ಸುತ್ತಮುತ್ತ ಗಂಡು ಮರ ಇಲ್ಲದಿದ್ದರೆ ಹತ್ತು ಹೆಣ್ಣಿಗೆ ಒಂದಾದರೂ ಗಂಡು ಗಿಡ ಬೇಕು. ಜಾಯಿಕಾಯಿಗೂ ಇದೇ ಲೆಕ್ಕ.

ಪದವುಗಳ, ಅಂದರೆ ಗುಡ್ಡೆಗಳ ಮೇಲಿನ ಮುರಕಲ್ಲಿನ ಬಯಲುಗಳ ವಿಷಯಕ್ಕೆ ಬರೋಣ. ಗಿಡ ನೆಡಲು ಜಾಗ ಹುಡುಕುವಾಗ ‘ಬೋಳು ಗುಡ್ಡೆ’ ಎಂದು ಮೊದಲು ಕಣ್ಣಿಗೆ ಬೀಳುವುದು ಮುರಕಲ್ಲಿನ ಪದವು. ಅದು ಬೋಳಲ್ಲ. ಆಗಸ್ಟ್, ಸೆಪ್ಟೆಂಬರಿನಲ್ಲಿ ಹೋಗಿ ನೋಡಿ. ಬೆರಳು ದಪ್ಪದ ಮಣ್ಣು, ಅದರ ಮೇಲೆ ತೆಳು ನೀರು, ಆ ನೀರಿನಲ್ಲಿ ಮಲಯಾಳದವರು ಕಾಕಪ್ಪೂ ಎನ್ನುವ ನೀಲಿ ಹೂವು, ಬಿಳಿ ಗುಂಡಿಯಂಥ ಹುಲ್ಲುಹೂಗಳು, ನೆಲಗೌರಿಗಳು. ಮಳೆಗಾಲದ ಹೊಟ್ಟೆಯಲ್ಲೇ ಅರಳುವ, ನಾವು ಯಾರೂ ನೆಡದ ಹೂದೋಟ. ಅದರಲ್ಲಿ ಗುಂಡಿ ಕೊರೆದು ಅಕೇಶಿಯಾವನ್ನೋ ಮಹಾಗನಿಯನ್ನೋ ನೆಟ್ಟರೆ ನೀರಿನ ಹರವು ಒಡೆಯುತ್ತದೆ, ತರಗೆಲೆ ಬಿದ್ದು ಮುಚ್ಚುತ್ತದೆ, ಹತ್ತು ವರ್ಷದಲ್ಲಿ ಆ ಹೂಗಳು ಇರುವುದಿಲ್ಲ. ದಯವಿಟ್ಟು ಪದವಿನ ಮೇಲೆ ಏನನ್ನೂ ನೆಡಬೇಡಿ. ಕಾಸರಕವನ್ನು ಜಿಲ್ಲೆಯ ಮರ, ಪೆರಿಯ ಪೊಲತ್ತಾಳಿಯನ್ನು ಜಿಲ್ಲೆಯ ಹೂವು ಎಂದು ಘೋಷಿಸಿಕೊಂಡವರು ನಾವು. ಇದ್ದದ್ದನ್ನು ಇದ್ದಲ್ಲೇ ಬಿಡುವುದೂ ಅದೇ ಲೆಕ್ಕದ ಕೆಲಸ. ಪಚ್ಚತುರುತ್ (ಊರಿನ ಮರಗಿಡಗಳ ಪುಟ್ಟ ಹಸಿರು ತಾಣ) ಮಾಡಲು ಅರ್ಧ ಸೆಂಟ್ಸ್ ಜಾಗವಿದ್ದರೂ ಸಾಕಾಗುತ್ತದೆ. ಅದಕ್ಕೆ ಶಾಲೆಯ ಹಿಂಬದಿ, ಆಸ್ಪತ್ರೆಯ ಮೂಲೆ ಇದೆ, ಪದವೇ ಬೇಕೆಂದಿಲ್ಲ.

ಹೊಸದಾಗಿ ನೆಡುವುದಕ್ಕಿಂತ ಹೆಚ್ಚು ಲಾಭ ಬರುವ ಕೆಲಸವೊಂದಿದೆ, ಅದಕ್ಕೆ ಪಂಚಾಯತಿಗೆ ಖರ್ಚೂ ಇಲ್ಲ. ರಸ್ತೆ ಬದಿಯ ಕಾಡು, ಅಂದರೆ ಹುಲ್ಲು ಪೊದೆಗಳನ್ನು ಕಡಿಯುವ ದಿನವನ್ನು ಬದಲಾಯಿಸುವುದು. ಈಗ ಉದ್ಯೋಗ ಖಾತರಿಯಲ್ಲೋ ಯಂತ್ರ ಹಿಡಿದೋ ಆಗಸ್ಟ್ 15ರ, ಓಣಂನ ಮೊದಲು ಬುಡದವರೆಗೆ ಸವರುತ್ತಾರೆ. ನಾಚಿಕೆ ಮುಳ್ಳು ತುಂಬ ಅರಳಿರುವ, ತುಂಬೆ ಮೊಗ್ಗು ಕಟ್ಟುವ ಹೊತ್ತು ಅದು. ವಾಹನದವರಿಗೆ ತಿರುವು ಕಾಣಬೇಕು, ನಡೆಯುವವರಿಗೆ ಹಾವಿನ ಭಯ ಇರಬಾರದು, ಅದನ್ನು ನಾವು ಒಪ್ಪುತ್ತೇವೆ. ಅದಕ್ಕೆ ರಸ್ತೆಯ ಅಂಚಿನಿಂದ ಒಂದು ಮೀಟರ್, ತಿರುವುಗಳಲ್ಲಿ ಎರಡು ಮೀಟರ್ ಕಡಿದರೆ ಸಾಕು. ಅದರಾಚೆಯ ಪಟ್ಟಿಯನ್ನು ತುಂಬೆ ಬೀಜ ಉದುರಿಸಿದ ಮೇಲೆ, ಡಿಸೆಂಬರಿನಲ್ಲಿ ಕಡಿಯಿರಿ. ಎರಡು ಬದಿಯನ್ನೂ ಒಂದೇ ವಾರ ಕಡಿಯದೆ ನಡುವೆ ಮೂರು ವಾರ ಬಿಟ್ಟರೆ ಒಂದು ಬದಿ ಚಿಗುರುವವರೆಗೆ ಇನ್ನೊಂದು ಬದಿ ಊಟ ಹಾಕುತ್ತದೆ. ಯಂತ್ರದ ಅಲಗನ್ನು ನೆಲಕ್ಕೆ ತಾಗಿಸದೆ ಒಂದು ಗೇಣು ಮೇಲೆ ಹಿಡಿದರೆ ಗಿಡ ಬೇಗ ಮತ್ತೆ ಹೂ ಬಿಡುತ್ತದೆ, ಅಲಗೂ ಮೊಂಡಾಗುವುದಿಲ್ಲ. ಕಳೆನಾಶಕ ಬೇಡವೇ ಬೇಡ. ಗ್ಲೈಫೋಸೇಟ್ ಮಾರಾಟವನ್ನು ಕೇರಳ ಸರಕಾರ 2019ರಲ್ಲೇ ನಿಲ್ಲಿಸಿದೆ.

ಮದ್ದಿನ ಬಗ್ಗೆ ಈ ಜಿಲ್ಲೆಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದರ ಲೆಕ್ಕ ಇನ್ನೂ ಮುಗಿದಿಲ್ಲ. ಈಗಿನ ಪ್ರಶ್ನೆ ಸಣ್ಣದು, ಆದರೆ ದಿನನಿತ್ಯದ್ದು: ಸಿಂಪಡಿಸುವ ಹೊತ್ತು. ಸೌತೆ, ಹಾಗಲ, ಚೀನಿಕಾಯಿ ಹೂಗಳು ಬೆಳಗ್ಗೆ ಅರಳುತ್ತವೆ, ಚೀನಿಕಾಯಿಯ ಹೂವಂತೂ ಬಿಸಿಲೇರುವಾಗ ಮುಚ್ಚಿಯೇ ಬಿಡುತ್ತದೆ. ಬೇವಿನೆಣ್ಣೆಯನ್ನಾದರೂ ಬೆಳಗ್ಗೆ ಹೊಡೆಯಬಾರದು, ಸಂಜೆ ಐದರ ಮೇಲೆ ಹೊಡೆಯಬೇಕು. ಹೀರೆ ಅರಳುವುದೇ ಸಂಜೆ, ಪಡುವಲ ರಾತ್ರಿ. ಇವೆರಡಕ್ಕೆ ಬರುವುದು ಪತಂಗ. ಹಾಗಾಗಿ ಆ ಚಪ್ಪರಗಳಿಗೆ ಸಂಜೆ ಬೇಡ, ಮಧ್ಯಾಹ್ನ ಮೂರರ ಹೊತ್ತು ಒಳ್ಳೆಯದು. ಕೃಷಿ ಭವನದ ಸಲಹೆಗಳಲ್ಲಿ ‘ಸಂಜೆ ಸಿಂಪಡಿಸಿ’ ಎಂಬ ಒಂದೇ ವಾಕ್ಯ ಎಲ್ಲ ತರಕಾರಿಗೂ ಹೊಂದುವುದಿಲ್ಲ. ಅಂದಹಾಗೆ, ಪ್ರತಿ ಜಂಕ್ಷನಿಗೆ ಹೈಮಾಸ್ಟ್ ದೀಪ ಹಾಕುವಾಗಲೂ ಈ ಪತಂಗಗಳು ನೆನಪಿರಲಿ. ರಾತ್ರಿಯಿಡೀ ದೀಪ ಸುತ್ತುವ ಪತಂಗ ಪಡುವಲದ ಹೂವಿಗೆ ಹೋಗುವುದಿಲ್ಲ.

ಜೇನು ಎಂದರೆ ತುಡುವೆ ಮತ್ತು ಮುಜಂಟಿ ಮಾತ್ರ ಎಂದುಕೊಂಡರೆ ತೋಟ ಅರ್ಧಕ್ಕೆ ನಿಲ್ಲುತ್ತದೆ. ಬದನೆ, ಟೊಮೇಟೊ ಹೂವಿನಲ್ಲಿ ಪರಾಗ ಇರುವುದು ಕೊಳವೆಯಂಥ ಕೇಸರದೊಳಗೆ, ತುದಿಯಲ್ಲಿ ಸಣ್ಣ ತೂತು. ಹೂವನ್ನು ಹಿಡಿದು ರೆಕ್ಕೆಯ ಸ್ನಾಯು ನಡುಗಿಸಿದರೆ ಮಾತ್ರ ಪರಾಗ ಉದುರುತ್ತದೆ. ತುಡುವೆಗೆ ಆ ವಿದ್ಯೆ ಬರುವುದಿಲ್ಲ. ನೀಲಿ ಪಟ್ಟಿಯ ಒಂಟಿ ಜೇನಿಗೂ ಕಪ್ಪು ಬಡಗಿ ದುಂಬಿಗೂ ಬರುತ್ತದೆ. ನೀಲಿ ಪಟ್ಟಿಯ ಜೇನು ಗೂಡು ಮಾಡುವುದು ಬರಿ ಮಣ್ಣಿನಲ್ಲಿ, ಹಳೆಯ ಮಣ್ಣಿನ ಗೋಡೆಯಲ್ಲಿ. ಶಾಲೆಯ ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿದರೆ ಅದಕ್ಕೆ ಜಾಗವೇ ಇಲ್ಲ. ಮಳೆ ಬೀಳದ ಸೂರಿನಡಿ ಎರಡು ಚದರ ಮೀಟರ್ ಮಣ್ಣು ಹಾಗೆಯೇ ಇರಲಿ, ಹೊದಿಕೆ ಬೇಡ, ಗುಡಿಸುವುದೂ ಬೇಡ. ಬಡಗಿ ದುಂಬಿಗೆ ಒಣಗಿದ ಒಂದು ಮರದ ದಿಮ್ಮಿ. ಎಲೆ ಕತ್ತರಿಸುವ ಜೇನಿಗೆ ಒಂದು ಗೇಣು ಉದ್ದದ ಬಿದಿರಿನ ತುಂಡುಗಳು, ಒಂದು ತುದಿ ಗಂಟಿನಿಂದ ಮುಚ್ಚಿರಬೇಕು, ತೂತು ಪೆನ್ಸಿಲು ಹೋಗುವಷ್ಟು. ಹತ್ತಿಪ್ಪತ್ತು ತುಂಡು ಕಟ್ಟು ಮಾಡಿ ಸೂರಿನಡಿ ಪೂರ್ವಕ್ಕೆ ಮುಖಮಾಡಿ, ಅಲುಗಾಡದಂತೆ ಬಿಗಿಯಿರಿ. ತೂಗಾಡುವ ಕಟ್ಟಿಗೆ ಯಾವ ಜೇನೂ ಬರುವುದಿಲ್ಲ. ಗುಲಾಬಿ ಎಲೆಯಲ್ಲಿ ದುಂಡಗೆ ಕತ್ತರಿಸಿದ ಗುರುತು ಕಂಡರೆ ಅದು ರೋಗವಲ್ಲ, ಮದ್ದು ಬೇಕಿಲ್ಲ.

ಕೊಕ್ಕೊ ಇರುವ ಅಡಿಕೆ ತೋಟದವರಿಗೆ ಇನ್ನೊಂದು ಮಾತು. ಕೊಕ್ಕೊ ಹೂವಿಗೆ ಪರಾಗಸ್ಪರ್ಶ ಮಾಡುವುದು ಜೇನಲ್ಲ, ಸಾಸಿವೆಗಿಂತ ದೊಡ್ಡದಿರದ ಒಂದು ಜಾತಿಯ ನುಸಿ. ಅದು ಹುಟ್ಟುವುದು ಕೊಳೆತ ಎಲೆಯಲ್ಲಿ, ಬಾಳೆದಿಂಡಿನ ತುಂಡಿನಲ್ಲಿ, ಒಡೆದ ಕೊಕ್ಕೊ ಸಿಪ್ಪೆಯಲ್ಲಿ. ತೋಟವನ್ನು ಅಂಗಳದಂತೆ ಗುಡಿಸಿ ಇಟ್ಟವರ ಕೊಕ್ಕೊದಲ್ಲಿ ಹೂ ಜಾಸ್ತಿ, ಕಾಯಿ ಕಡಿಮೆ.

ನೀರಿಡುವ ಬಗ್ಗೆ ಆರೋಗ್ಯ ಇಲಾಖೆಯವರ ಆತಂಕ ನಮಗೆ ಗೊತ್ತು. ಸೊಳ್ಳೆ ಹುಟ್ಟದಂತೆ ಎಲ್ಲ ಕಡೆ ನಿಂತ ನೀರು ಚೆಲ್ಲಿಸುವ ‘ಡ್ರೈ ಡೇ’ ಮಾಡಿಸಿ ತೋಟದಲ್ಲಿ ಮಾತ್ರ ನೀರು ನಿಲ್ಲಿಸುವುದೇ ಎಂದು ಕೇಳುತ್ತಾರೆ. ಮಳೆಗಾಲದಲ್ಲಿ ನೀರಿಡುವ ಅಗತ್ಯವೇ ಇಲ್ಲ. ಜನವರಿಯಿಂದ ಮೇವರೆಗೆ ಅಗಲದ ಮಣ್ಣಿನ ತಟ್ಟೆಯಲ್ಲಿ ಜಲ್ಲಿಕಲ್ಲು ತುಂಬಿ, ಕಲ್ಲಿನ ತಲೆ ನೀರಿನಿಂದ ಹೊರಗಿರುವಂತೆ ಎರೆದು, ಎರಡು ದಿನಕ್ಕೊಮ್ಮೆ ಚೆಲ್ಲಿ ಹೊಸದಾಗಿ ತುಂಬಿದರೆ ಸೊಳ್ಳೆ ಹುಟ್ಟಲು ಸಮಯ ಸಿಗುವುದಿಲ್ಲ.

ಶಾಲೆಗಳಲ್ಲಿ ಕೇಳಿ ಬರುವ ಮುಖ್ಯ ಆಕ್ಷೇಪ ಮಕ್ಕಳಿಗೆ ಕಚ್ಚಿದರೆ ಎಂಬುದು. ಮುಜಂಟಿಗೆ ಚುಚ್ಚುವ ಮುಳ್ಳೇ ಇಲ್ಲ. ತುಡುವೆ ಹೂವಿನ ಮೇಲಿರುವಾಗ ತಾನಾಗಿ ಮೇಲೆ ಬೀಳುವುದಿಲ್ಲ, ಗೂಡಿಗೆ ಕೈ ಹಾಕಿದರೆ ಬಿಡುವುದೂ ಇಲ್ಲ. ಹಾಗಾಗಿ ಹೂವಿನ ಮಡಿ ತರಗತಿಯ ಹತ್ತಿರ ಇದ್ದರೂ ತೊಂದರೆಯಿಲ್ಲ, ಮಕ್ಕಳು ಓಡಾಡುವ ಗೇಟಿನ ದಾರಿಯಿಂದ ಐದಾರು ಮೀಟರ್ ಸರಿದಿರಲಿ. ತುಡುವೆ ಪೆಟ್ಟಿಗೆಯನ್ನು ಮಾತ್ರ ಶಾಲೆಯ ಅಂಗಳದಲ್ಲಿ ಇಡಬೇಡಿ. ಚುಚ್ಚಿದರೆ ಮುಳ್ಳನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಬೇಕು. ಮುಖ, ತುಟಿ ಊದಿಕೊಂಡರೆ ಅಥವಾ ಉಸಿರು ಕಟ್ಟಿದರೆ ಮನೆಮದ್ದು ಮಾಡುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ನೀರಿನ ಟಾಂಕಿಗೆ, ಕಟ್ಟಡದ ಸಜ್ಜೆಗೆ ಕಟ್ಟುವ ಹೆಜ್ಜೇನು ಬೇರೆ ವಿಷಯ. ಅದರ ಹತ್ತಿರ ತೋಟ ಮಾಡುವುದು ಬೇಡ. ಆದರೆ ಅದಕ್ಕೆ ಬೆಂಕಿ ಇಡುವುದೂ ಬೇಡ, ಹೆಜ್ಜೇನು ವಲಸೆಯ ಜಾತಿ, ಹೂವಿನ ಕಾಲ ಮುಗಿದಾಗ ತಾನೇ ಎದ್ದು ಹೋಗುತ್ತದೆ. ಮೀಟರ್ ಪೆಟ್ಟಿಗೆಯಲ್ಲೋ ಮುರಕಲ್ಲಿನ ಗೋಡೆಯಲ್ಲೋ ಮುಜಂಟಿ ಇದ್ದು, ಗಾರೆ ಮಾಡುವುದಿದ್ದರೆ ಮೊದಲು ಊರಿನ ಜೇನು ಸಾಕುವವರನ್ನು ಕರೆಯಿರಿ. ಅರ್ಧ ದಿನದಲ್ಲಿ ಪೆಟ್ಟಿಗೆಗೆ ವರ್ಗಾಯಿಸಬಹುದು.

ಇಷ್ಟನ್ನು ಮಾಡಿದರೆ ಉಪಯೋಗ ಆಯಿತೇ ಎಂದು ತಿಳಿಯಲು ದೊಡ್ಡ ಅಧ್ಯಯನ ಬೇಕಿಲ್ಲ. ಮಳೆ ಹೊಳವಾದ ದಿನ ಬೆಳಗ್ಗೆ ಒಂಬತ್ತಕ್ಕೆ ಇಬ್ಬರು ಮಕ್ಕಳು ಒಂದು ಚದರ ಮೀಟರ್ ಹೂವಿನ ಮುಂದೆ ಹತ್ತು ನಿಮಿಷ ಕುಳಿತು, ಬಂದ ನೊಣಗಳನ್ನು ತುಡುವೆ, ಮುಜಂಟಿ, ದುಂಬಿ, ಚಿಟ್ಟೆ ಎಂದು ನಾಲ್ಕು ಗೆರೆಯಲ್ಲಿ ಎಣಿಸಿ ಬರೆಯಲಿ. ವಾರಕ್ಕೊಮ್ಮೆ, ಜೂನ್‌ನಿಂದ ಅಕ್ಟೋಬರಿನವರೆಗೆ. ಎರಡು ತಿಂಗಳಾದರೂ ಏನೂ ಬರದ ಗಿಡ ಇದ್ದರೆ ಮರುವರ್ಷದ ಪಟ್ಟಿಯಿಂದ ಅದನ್ನು ತೆಗೆಯಿರಿ, ನಾವು ಹೇಳಿದ ಗಿಡವಾದರೂ ಸರಿ.

ಮಾರ್ಚ್ ಒಳಗಿನ ಗ್ರಾಮಸಭೆಯಲ್ಲಿ ಎರಡು ವಿಷಯ ತೀರ್ಮಾನವಾದರೆ ಈ ಮಳೆಗಾಲಕ್ಕೆ ಸಾಕು: ಕಾಡು ಕಡಿಯುವ ದಿನಾಂಕ ಮತ್ತು ಗಿಡಗಳ ಪಟ್ಟಿ. ಲಕ್ಕಿ, ಟರ್ನೇರಾ ಕಡ್ಡಿಗಳನ್ನೂ ಕಾಮಕಸ್ತೂರಿ ಬೀಜವನ್ನೂ ದುಡ್ಡಿಲ್ಲದೆ ಕೊಡಲು ನಾವು ತಯಾರಿದ್ದೇವೆ. ಬೀಜ ಎಪ್ರಿಲ್ ಇಪ್ಪತ್ತರೊಳಗೆ ಕೇಳಿ. ಕಡ್ಡಿಯನ್ನು ನೆಡುವ ಹಿಂದಿನ ದಿನ ಕಡಿಯುವುದು ಒಳ್ಳೆಯದು. ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಲ್ಲಿಟ್ಟರೆ ಎರಡು ದಿನ ತಾಳುತ್ತದೆ, ಅದಕ್ಕಿಂತ ಹೆಚ್ಚು ಇಡಬೇಡಿ.

ಇತಿ,
ಮಂಜೇಶ್ವರ, ಕಾಸರಗೋಡು ತಾಲೂಕುಗಳ ಕೆಲವು ಜೇನು ಸಾಕುವವರು ಮತ್ತು ತೋಟದವರು